ಸ್ಲ್ಯಾಬಿನ ಮೇಲೊಂದು ಮಡಿ

ಕರ್ನಾಟಕದ ಗಡಿಗೆ ಹತ್ತಿದ ಕೊಲ್ಹಾಪುರ ಸೀಮೆಯ ಅಕಿವಾಟದಂಥ ಊರಿನಲ್ಲಿ ಯಾರದಾದರೂ ಹೊಸ ಮನೆಗೆ ಸ್ಲ್ಯಾಬ್ ಹಾಕಿದ ಮರುದಿನ ಬೆಳಿಗ್ಗೆ ಏಣಿ ಹತ್ತಿ ಮೇಲೆ ಹೋಗಿ ನೋಡಬೇಕು. ಗವಂಡಿ ಹೊತ್ತು ಮೂಡುವ ಮೊದಲೇ ಬಂದು, ಉಸುಕು ಹೆಚ್ಚಿಗೆ ಸಿಮೆಂಟು ಕಡಿಮೆ ಹಾಕಿದ ಮಾಲಿನಿಂದ ಎರಡು ಬೆರಳೆತ್ತರದ ಬದು ಎಳೆದಿರುತ್ತಾನೆ. ಬದುಗಳ ನಡುವೆ ಚೌಕ ಚೌಕವಾಗಿ ನೀರು ನಿಂತಿರುತ್ತದೆ. ರಾತ್ರಿಯೆಲ್ಲ ಕಬ್ಬಿಗೆ ನೀರು ಹಾಯಿಸಿ ಬಂದವರಿಗೆ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ಅದು ಮಡಿ.

ಹೊಲದ ಮಡಿಯಲ್ಲಿ ನೀರು ನಿಲ್ಲಿಸುವುದು ಬೆಳೆ ಬೆಳೆಯಲೆಂದು. ಸ್ಲ್ಯಾಬಿನ ಮಡಿಯಲ್ಲಿ ನಿಲ್ಲಿಸುವುದೂ ಅದಕ್ಕೇ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಮಣ್ಣಿನ ಗೋಡೆ ಒಣಗಿ ಗಟ್ಟಿಯಾಗುವುದನ್ನು ತಲೆತಲಾಂತರದಿಂದ ಕಂಡವರಿಗೆ ಹಾಗೆನಿಸುವುದು ಸಹಜ. ನಿಜ ಸಂಗತಿ ಬೇರೆ. ಸಿಮೆಂಟು ನೀರು ಕುಡಿದು, ಒಳಗೊಳಗೇ ಹರಳುಗಳನ್ನು ಬೆಳೆಸಿಕೊಂಡು ಗಟ್ಟಿಯಾಗುತ್ತದೆ. ಹೊಳೆಯ ನೀರಿನೊಳಗೆ ಹಾಕಿದ ಸೇತುವೆಯ ಕಂಬ ಒಂದು ಗಳಿಗೆಯೂ ಒಣಗದೆ ಕಲ್ಲಾಗುವುದು ಹೀಗೆ. ಬೇಗ ಒಣಗಿಸಿದರೆ ಬೆಳವಣಿಗೆ ಅಲ್ಲಿಗೇ ನಿಂತುಬಿಡುತ್ತದೆ.

ನಮ್ಮ ಬಳಗದಲ್ಲೇ ಒಬ್ಬರ ಮನೆಯ ಸ್ಲ್ಯಾಬ್ ಮೂರನೇ ಮಳೆಗಾಲಕ್ಕೆ ಸೋರತೊಡಗಿತು. ಐದನೇ ವರ್ಷಕ್ಕೆ ಅಡುಗೆಮನೆಯ ಮೇಲ್ಗಡೆ ಸಿಮೆಂಟಿನ ಚಕ್ಕೆ ಕಳಚಿ, ತುಕ್ಕು ಹಿಡಿದ ಸಳಿ ಹೊರಗೆ ಇಣುಕಿತು. ಸಿಮೆಂಟು ಒಳ್ಳೆಯದೇ ಇತ್ತು, ಸಳಿಯೂ ಒಳ್ಳೆಯದಿತ್ತು, ದುಡ್ಡಿಗೂ ಹಿಂದೆಮುಂದೆ ನೋಡಿರಲಿಲ್ಲ. ತಪ್ಪಾದದ್ದು ನೀರಿನ ವಿಷಯದಲ್ಲಿ. ಕಲಸುವಾಗ ಬೇಡದಷ್ಟು ಹಾಕಿದರು, ಆಮೇಲೆ ಬೇಕಾದಾಗ ಹಾಕಲಿಲ್ಲ. ನಾಲ್ಕನೇ ದಿನಕ್ಕೆ ಮನೆಯಲ್ಲಿ ಮದುವೆಯ ಗಡಿಬಿಡಿ ಶುರುವಾಗಿ ಮಡಿ ಬತ್ತಿಹೋಗಿತ್ತು. ಒಂದು ಮನೆತನದ ಎಷ್ಟೋ ವರ್ಷದ ಕಬ್ಬಿನ ಬಿಲ್ಲು ಆ ಸ್ಲ್ಯಾಬಿನಲ್ಲಿ ಹೋಗಿತ್ತು. ಸಿಮೆಂಟಿನ ಕೆಲಸವನ್ನು ಮನೆ ಕಟ್ಟಿಸುವವನೇ ತಿಳಿದಿರಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕಾಗಿ.

ಕಟ್ಟುವುದೆಂಬ ಮಾತನ್ನೇ ನೋಡಿ. ಕನ್ನಡದಲ್ಲಿ ಮನೆಯನ್ನೂ ಕಟ್ಟುತ್ತೇವೆ, ಹಗ್ಗದಿಂದ ಹೊರೆಯನ್ನೂ ಕಟ್ಟುತ್ತೇವೆ. ಎರಡಕ್ಕೂ ಒಂದೇ ಮಾತು. ಜನ ಒಂದಾಗಿರುವುದಕ್ಕೆ ಒಗ್ಗಟ್ಟು ಎನ್ನುತ್ತೇವೆ. ಅದರೊಳಗೂ ಒಂದು ‘ಕಟ್ಟು’ ಕೂತಿದೆ. ಊರಿನ ಸಭೆಗಳಲ್ಲಿ ‘ಸಿಮೆಂಟಿನ ಹಾಗೆ ಒಂದಾಗಿರಿ’ ಎಂದು ಭಾಷಣ ಮಾಡುವವರನ್ನು ಕೇಳಿದ್ದೇವೆ. ಆ ಮಾತು ಬರಿಯ ಅಲಂಕಾರವಾಗಿ ಹೋಗದಿರಬೇಕಾದರೆ ಸಿಮೆಂಟು ಯಾರನ್ನು ಯಾರಿಗೆ ಹೇಗೆ ಕಟ್ಟುತ್ತದೆ ಎಂದು ಹತ್ತಿರದಿಂದ ನೋಡಬೇಕು.

ಮೊದಲು ಕಲ್ಲಿನಿಂದ ಶುರು ಮಾಡೋಣ. ಕೊಲ್ಹಾಪುರ ಸೀಮೆಯ ನೆಲದಡಿ ಇರುವುದು ಕಪ್ಪು ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಹರಿದ ಲಾವಾ ಪದರ ಪದರವಾಗಿ ಆರಿ ಹುಟ್ಟಿದ ಕಲ್ಲು ಅದು. ಖಡಿಗೆ ಇದಕ್ಕಿಂತ ಗಟ್ಟಿ ಕಲ್ಲು ಹುಡುಕಬೇಕಿಲ್ಲ. ಆದರೆ ಸಿಮೆಂಟಿಗೆ ಬೇಕಾದ ಸುಣ್ಣದ ಕಲ್ಲು ಸಿಗುವುದು ಈ ಲಾವಾ ಹಾಸು ಮುಗಿಯುವ ಕಡೆ. ಮೂಡಲಕ್ಕೆ ಯಾದವಾಡ, ಲೋಕಾಪುರ, ಬಾಗಲಕೋಟೆಯ ಸೀಮೆ. ಇನ್ನೂ ದೂರ ಹೋದರೆ ಭೀಮಾ ಸೀಮೆಯ ಶಹಾಬಾದ, ವಾಡಿ, ಸೇಡಂ, ಮಳಖೇಡ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು ಆ ಅರಸರ ಆಸ್ಥಾನದಲ್ಲಿ; ಕನ್ನಡ ನಾಡಿನ ಹರಹನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸಿದ್ದು ಆ ಗ್ರಂಥ. ಇವತ್ತು ಅದೇ ಊರಿನ ಹೆಸರು ಕೇಳಿದರೆ ಲಾರಿ ಚಾಲಕರಿಗೆ ನೆನಪಾಗುವುದು ಸಿಮೆಂಟು ಕಾರ್ಖಾನೆ. ಮಹಾರಾಷ್ಟ್ರದ ಕಪ್ಪು ಖಡಿಗೆ ಕರ್ನಾಟಕದ ಸುಣ್ಣದ ಕಲ್ಲು ಸೇರಿ ಗಡಿ ಊರುಗಳ ಎಷ್ಟೋ ಮನೆಗಳು ಎದ್ದಿವೆ. ಗಡಿಯ ಗದ್ದಲ ಎಷ್ಟೇ ಇರಲಿ, ಗೋಡೆಯೊಳಗೆ ಇವೆರಡೂ ಬಿಡಿಸಲಾರದಂತೆ ಕೂಡಿ ಕೂತಿವೆ.

ಸುಣ್ಣದ ಕಲ್ಲಿಗೆ ಜೇಡಿಮಣ್ಣು ಸೇರಿಸಿ, ನುಣ್ಣಗೆ ಅರೆದು, ತಿರುಗುವ ಉದ್ದನೆಯ ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆ ಉರಿಯಲ್ಲಿ ಎರಡೂ ಅರೆಬರೆ ಕರಗಿ, ಬೆಸೆದು, ಗೋಲಿ ಗಾತ್ರದ ಕಪ್ಪು ಉಂಡೆಗಳಾಗುತ್ತವೆ. ಇದಕ್ಕೆ ಕ್ಲಿಂಕರ್ ಎಂದು ಹೆಸರು. ಕ್ಲಿಂಕರಿಗೆ ನೂರಕ್ಕೆ 3ರಿಂದ 5 ಪಾಲು ಜಿಪ್ಸಂ ಸೇರಿಸಿ ಹಿಟ್ಟಿನಂತೆ ಬೀಸಿದರೆ ಸಿಮೆಂಟು. ಜಿಪ್ಸಂ ಇಲ್ಲದಿದ್ದರೆ ನೀರು ತಾಗಿದ ಕೂಡಲೇ ಬಿಗಿದುಕೊಂಡುಬಿಡುತ್ತದೆ. ಬುಟ್ಟಿಯಿಂದ ಗೋಡೆಗೆ ಹಾಕುವಷ್ಟು ಪುರಸೊತ್ತೂ ಸಿಗುವುದಿಲ್ಲ. ಈಗಿನ ಮಾನದಂಡದಂತೆ ಸಿಮೆಂಟು 30 ನಿಮಿಷಕ್ಕೆ ಮೊದಲು ಬಿಗಿಯತೊಡಗಬಾರದು, 10 ತಾಸಿನೊಳಗೆ ಪೂರ್ತಿ ಬಿಗಿದಿರಬೇಕು.

ಇಂಗ್ಲೆಂಡಿನ ಲೀಡ್ಸಿನ ಗವಂಡಿ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದು ಇದಕ್ಕೆ ಪೋರ್ಟ್‌ಲ್ಯಾಂಡ್ ಸಿಮೆಂಟು ಎಂದು ಹೆಸರಿಟ್ಟ. ಪೋರ್ಟ್‌ಲ್ಯಾಂಡ್ ಎಂಬಲ್ಲಿ ಸಿಗುವ ಕಟ್ಟಡದ ಕಲ್ಲಿನಂತೆ ಕಾಣುತ್ತದೆ ಎಂಬುದಷ್ಟೇ ಆ ಹೆಸರಿಗೆ ಕಾರಣ. ನಮ್ಮ ದೇಶದಲ್ಲಿ 1914ರಲ್ಲಿ ಪೋರಬಂದರಿನಲ್ಲಿ ತಯಾರಿಕೆ ನೆಲೆಯೂರಿತು. ಮುಂದೆ ಕಾರ್ಖಾನೆಗಳು ಒಂದರ ಮೇಲೊಂದು ಹುಟ್ಟಿ, ಬೆಲೆ ಇಳಿಸುವ ಪೈಪೋಟಿಯಲ್ಲಿ ಒಬ್ಬರನ್ನೊಬ್ಬರು ಮುಳುಗಿಸಿಕೊಂಡವು. ಕೊನೆಗೆ 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಎಂಬ ಒಂದೇ ಕಂಪನಿ ಆದವು. ಕಟ್ಟುವ ವಸ್ತು ಮಾಡುವವರಿಗೆ ತಾವೂ ಕಟ್ಟಿಕೊಳ್ಳದೆ ಉಳಿಗಾಲವಿಲ್ಲ ಎಂದು ಅರ್ಥವಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಸಿಮೆಂಟಿಗೆ ಮೊದಲು ಗಾರೆ ಇತ್ತು. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಉಸುಕು ಇಲ್ಲವೆ ಇಟ್ಟಿಗೆಯ ಪುಡಿ ಸೇರಿಸಿ, ಎತ್ತಿನ ಗಾಣದಲ್ಲಿ ದಿನಗಟ್ಟಲೆ ಅರೆಯುತ್ತಿದ್ದರು. 1656ರ ಹೊತ್ತಿಗೆ ಎದ್ದ ವಿಜಯಪುರದ ಗೋಳಗುಮ್ಮಟ ನಿಂತಿರುವುದು ಗಾರೆಯ ಮೇಲೆ. ಕನ್ನಂಬಾಡಿ ಅಣೆಕಟ್ಟಿಗೂ ಸಿಮೆಂಟಿನ ಬದಲು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯನ್ನೇ ಬಳಸಿದರು. ಅಕಿವಾಟದ ನೆರೆಯ ಖಿದ್ರಾಪುರಕ್ಕೆ ಹೋದರೆ ಇನ್ನೂ ಹಿಂದಿನ ಕಾಲದ ಕೈಚಳಕ ಕಾಣುತ್ತದೆ. ಶಿಲಾಹಾರರ ಕಾಲದ ಕೋಪೇಶ್ವರ ಗುಡಿಯಲ್ಲಿ ಕಲ್ಲಿಗೆ ಕಲ್ಲನ್ನು ಕೊರೆದು ಕೂಡಿಸಿದ್ದಾರೆ. ಭಾರವೇ ಅಲ್ಲಿ ಬಂಧ. ಸ್ವರ್ಗಮಂಟಪದ ನಡುವೆ ಆಕಾಶಕ್ಕೆ ತೆರೆದ ಗುಂಡನೆಯ ಬಾಯಿ. ಅದರ ಸುತ್ತ ಕಂಬಗಳು ಒಂದರ ಭಾರವನ್ನೊಂದು ಹಂಚಿಕೊಂಡು ನಿಂತಿವೆ.

ಗಾರೆಯ ಮಾತು ತೆಗೆದದ್ದಕ್ಕೆ ಒಂದು ಕಾರಣವಿದೆ. ಹಳೆಯ ಗವಂಡಿಗಳು ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರು. ಅದು ಗಾರೆಯನ್ನು ಮೆದುವಾಗಿಸಿ, ತಾಪಿಗೆ ಸಲೀಸಾಗಿ ಹರಡುವಂತೆ ಮಾಡುತ್ತಿತ್ತು. ಅಜ್ಜನ ಕಾಲದ ವಾಡೆ ಬೆಲ್ಲದ ಬಲದಿಂದಲೇ ನಿಂತಿದೆ ಎಂಬ ಮಾತು ಈ ಕಬ್ಬಿನ ಸೀಮೆಯಲ್ಲಿ ಕೇಳಿಬರುತ್ತದೆ. ಆದರೆ ಗಾರೆಗೂ ಸಿಮೆಂಟಿಗೂ ಸ್ವಭಾವ ಬೇರೆ. ಗಾರೆ ಗಟ್ಟಿಯಾಗುವುದು ಮುಖ್ಯವಾಗಿ ಗಾಳಿಯಿಂದ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಸಿಮೆಂಟು ಗಟ್ಟಿಯಾಗುವುದು ನೀರಿನಿಂದ. ಗಾರೆಗೆ ಒದಗುವ ಬೆಲ್ಲ ಸಿಮೆಂಟಿಗೆ ವಿಷ.

ಬೇಕಿದ್ದರೆ ಮನೆಯಲ್ಲೇ ನೋಡಬಹುದು. ಎರಡು ಹಳೆಯ ಲೋಟ ತಗೊಳ್ಳಿ. ಎರಡಕ್ಕೂ ಅರ್ಧರ್ಧ ಲೋಟ ಸಿಮೆಂಟು ಹಾಕಿ. ಒಂದಕ್ಕೆ ಬರಿ ನೀರು, ಇನ್ನೊಂದಕ್ಕೆ ಅರ್ಧ ಚಮಚ ಸಕ್ಕರೆ ಕರಗಿಸಿದ ನೀರು ಹಾಕಿ, ಇಡ್ಲಿ ಹಿಟ್ಟಿನ ಹದಕ್ಕೆ ಕಡ್ಡಿಯಿಂದ ಕಲಸಿ ಇಡಿ. ಹಸಿ ಸಿಮೆಂಟು ಚರ್ಮ ಸುಡುತ್ತದೆ, ಬರಿಗೈ ಹಾಕಬೇಡಿ. ಸಂಜೆಯ ಹೊತ್ತಿಗೆ ಮೊದಲನೆಯ ಲೋಟದಲ್ಲಿ ಕಡ್ಡಿ ಇಳಿಯುವುದಿಲ್ಲ. ಮರುದಿನ ಅದನ್ನು ಬಡಿದರೆ ಟಣ್ ಎನ್ನುತ್ತದೆ. ಸಕ್ಕರೆ ಹಾಕಿದ ಲೋಟ ಮಾತ್ರ ಹಸಿ ಕೆಸರಿನಂತೆ ಹಾಗೇ ಕೂತಿರುತ್ತದೆ. ಸಕ್ಕರೆಯ ಕಣಗಳು ಸಿಮೆಂಟಿನ ಕಣಗಳಿಗೂ ಆಗತಾನೆ ಹುಟ್ಟುತ್ತಿರುವ ಹರಳುಗಳಿಗೂ ಹೊದಿಕೆಯಂತೆ ಅಂಟಿಕೊಂಡು, ನೀರು ಮುಟ್ಟದಂತೆ ಮಾಡುತ್ತವೆ. 50 ಕಿಲೋ ಚೀಲಕ್ಕೆ 25 ಗ್ರಾಂ ಸಕ್ಕರೆ ಬೆರೆತರೆ ಬಿಗಿಯುವುದು ಸುಮಾರು ನಾಲ್ಕು ತಾಸು ತಡವಾಗುತ್ತದೆ. 100 ಗ್ರಾಂ ದಾಟಿದರೆ ಬಿಗಿಯುವುದೇ ಅನುಮಾನ.

ಕೊಲ್ಹಾಪುರದ ಬೆಲ್ಲದ ಸೀಮೆಯಲ್ಲಿ 100 ಗ್ರಾಂ ಎಂದರೆ ಎಷ್ಟರ ಮಾತು! ಕಾಕಂಬಿ ತುಂಬಿದ್ದ ಡ್ರಮ್ಮನ್ನು ಒಂದು ಸಲ ತೊಳೆದು ಸ್ಲ್ಯಾಬಿನ ನೀರಿಗೆ ಇಡುತ್ತಾರೆ. ಬೆಲ್ಲದ ಪೆಂಟೆ ಸಾಗಿಸಿದ ಟ್ರ್ಯಾಲಿಯಲ್ಲಿ ಗುಡಿಸದೆ ಉಸುಕು ತರುತ್ತಾರೆ. ಗಾಣದ ಮನೆಯ ಗೋಣಿಚೀಲವನ್ನು ಹಸಿ ಕಾಂಕ್ರೀಟಿನ ಮೇಲೆ ಹೊದಿಸುತ್ತಾರೆ. ಆಮೇಲೆ ಒಂದು ಕಡೆ ಸ್ಲ್ಯಾಬ್ ಬಿಗಿಯದೆ ಉಳಿದರೆ ಕಂಪನಿಯ ಸಿಮೆಂಟು ಕೆಟ್ಟದ್ದೆಂದು ಬೈಯುತ್ತಾರೆ. ನೀರಿನ ಡ್ರಮ್ಮು ಯಾವುದು, ಅದರಲ್ಲಿ ಮೊದಲು ಏನಿತ್ತು ಎಂದು ಸ್ಲ್ಯಾಬಿನ ಹಿಂದಿನ ಸಂಜೆಯೇ ನೋಡಿಕೊಳ್ಳಬೇಕು. ಬೇರೆ ಸೀಮೆಯ ಕಟ್ಟಡದ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ವಿಷಯ ನಮ್ಮ ಕಡೆ ಮೊದಲ ಪಾಠವಾಗಬೇಕು.

ಇನ್ನು ನೀರಿನ ಅಳತೆ. ಸಿಮೆಂಟು ತನ್ನ ತೂಕದ ಕಾಲು ಭಾಗಕ್ಕಿಂತ ತುಸು ಕಡಿಮೆ ನೀರನ್ನು ಹರಳು ಕಟ್ಟಲು ಬಳಸಿಕೊಳ್ಳುತ್ತದೆ. ಹರಳಿನ ಸಂದುಗಳಲ್ಲಿ ಹಿಡಿದಿಟ್ಟುಕೊಳ್ಳಲು ಇನ್ನೊಂದಿಷ್ಟು ಬೇಕು. ಎರಡೂ ಸೇರಿ 50 ಕಿಲೋ ಚೀಲಕ್ಕೆ 19 ಲೀಟರಿನಷ್ಟು ಆಯಿತು. ಕಲಸಲು, ಸುರಿಯಲು ಅನುಕೂಲವಾಗಲೆಂದು 25 ಲೀಟರಿನವರೆಗೆ ಹೋಗಬಹುದು. ಉಸುಕು ಹಸಿಯಾಗಿದ್ದರೆ ಅದರಲ್ಲಿರುವ ನೀರನ್ನೂ ಇದರಲ್ಲೇ ಲೆಕ್ಕ ಹಿಡಿಯಬೇಕು. ಮೇಲೆ ಹಾಕಿದ್ದೆಲ್ಲ ಬಾಡಿಗೆಗೆ ಬಂದ ನೀರು. ಬಿಸಿಲಿಗೆ ಅದು ಎದ್ದು ಹೋಗುತ್ತದೆ, ಹೋಗುವಾಗ ಕೂದಲೆಳೆಯಂಥ ದಾರಿಗಳನ್ನು ಬಿಟ್ಟು ಹೋಗುತ್ತದೆ. ಮಳೆನೀರು ಒಳಗೆ ಬರುವುದು ಅದೇ ದಾರಿಯಿಂದ. ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ ಎಂಬುದನ್ನು ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿಕೊಟ್ಟ. ಅವನ ಮಾತು ನಮ್ಮ ಊರುಗಳನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ.

ಸ್ಲ್ಯಾಬಿನ ದಿನದ ಗದ್ದಲದಲ್ಲಿ ಅಳತೆ ತಪ್ಪುವುದು ಹೇಗೆಂದು ನೋಡಿದವರಿಗೆ ಗೊತ್ತು. ಮಿಕ್ಸರ್ ತಿರುಗುತ್ತಿದೆ. ಖಡಿ, ಉಸುಕು ತುಂಬಿದ ಗಮೇಲಿಗಳು ಕೈಯಿಂದ ಕೈಗೆ ಹೋಗುತ್ತಿವೆ. ಒಬ್ಬ ಮರಾಠಿಯಲ್ಲಿ ‘ಟಾಕ ಟಾಕ’ ಎಂದರೆ ಇನ್ನೊಬ್ಬ ಕನ್ನಡದಲ್ಲಿ ‘ತಡಿ, ತಡಿ’ ಎನ್ನುತ್ತಾನೆ. ಯಾರಿಗೂ ಯಾರದೂ ತಿಳಿಯದೆ ಹೋಗುವುದಿಲ್ಲ. ಒಳಗೆ ಶಿರಾ ಮಾಡುವ ವಾಸನೆ. ಮೇಲಿನಿಂದ ಹರಡುವವನು ಕೂಗುತ್ತಾನೆ:

“ಕಾಕಾ, ಮಾಲ್ ಭಾಳ ಬಿರಸ ಆಗೇತ್ರಿ. ಸಳಿಯಾಗ ಇಳೀವಲ್ದು. ಇನ್ನೊಂದ ಬಕೀಟ ನೀರ ಹಾಕ್ಸ್ರೀ.”

ಕಾಕಾ ಅಂದರೆ ಮನೆಯ ಯಜಮಾನ. ಅವರು ಏನೂ ತಿಳಿಯದೆ ಹೂಂ ಅಂದುಬಿಟ್ಟರೆ ಮುಗಿಯಿತು. ಹದಿನೈದು ಲೀಟರಿನ ಆ ಒಂದು ಬಕೆಟ್ಟಿನಿಂದ ಒಂದು ಚೀಲದ ನೀರು 25ರಿಂದ 40 ಲೀಟರಿಗೆ ಏರುತ್ತದೆ. ಅಲ್ಲಿರುವ ಹಿರಿಯ ಗವಂಡಿ ಒಳ್ಳೆಯವನಾದರೆ ಹೇಳುತ್ತಾನೆ:

“ನೀರ ಹಾಕಬ್ಯಾಡೋ ತಮ್ಮಾ. ವೈಬ್ರೇಟರ್ ಹಚ್ಚು, ತಾನ ಇಳೀತೈತಿ.”

ವೈಬ್ರೇಟರಿನ ಮೂತಿ ಮಾಲಿಗೆ ಮುಟ್ಟಿದಾಗ ನೋಡಬೇಕು. ಬಿರುಸಾಗಿ ಗುಡ್ಡೆ ಬಿದ್ದಿದ್ದ ಮಾಲು ಜೀವ ಬಂದಂತೆ ಕರಗಿ ಸಳಿಯ ಸಂದಿಗೆ ಇಳಿಯುತ್ತದೆ, ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆ ಬಂದು ಒಡೆಯುತ್ತದೆ. ಗುಳ್ಳೆ ನಿಂತ ಕೂಡಲೇ ಮೂತಿಯನ್ನು ನಿಧಾನಕ್ಕೆ ಎತ್ತಬೇಕು. ಹೆಚ್ಚು ಹೊತ್ತು ಇಟ್ಟರೆ ಖಡಿ ಕೆಳಗೆ ಕೂತು ಸಿಮೆಂಟಿನ ನೀರು ಮೇಲೆ ತೇಲುತ್ತದೆ. ಒಂದು ದಿನದ ವೈಬ್ರೇಟರ್ ಬಾಡಿಗೆ ಉಳಿಸಲು ಹೋಗಿ ಸ್ಲ್ಯಾಬನ್ನೇ ಕಳೆದುಕೊಳ್ಳುವವರಿಗೆ ಏನು ಹೇಳೋಣ.

ಇಷ್ಟು ಹೇಳಿ ಮಾಲಿನೊಳಗೆ ಯಾರು ಯಾರಿದ್ದಾರೆ ಎಂಬುದಕ್ಕೆ ಬರುತ್ತೇನೆ. ಸ್ಲ್ಯಾಬಿಗೆ ಬಳಸುವ ಎಂ20 ದರ್ಜೆಯ ಮಾಲಿನಲ್ಲಿ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿ. ಒಂದು ಚೀಲ ಸಿಮೆಂಟು ಸುಮಾರು 35 ಲೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ. ಅದೇ ಪೆಟ್ಟಿಗೆಯಿಂದ ಉಸುಕು, ಖಡಿ ಅಳೆದರೆ ಲೆಕ್ಕ ತಪ್ಪುವುದಿಲ್ಲ. ಗಮೇಲಿ ಎಣಿಸಿ ಹಾಕುವವರು ಒಂದು ಸಂಗತಿ ಮರೆಯುತ್ತಾರೆ: ಹಸಿ ಉಸುಕು ಉಬ್ಬಿರುತ್ತದೆ, ಕಾಲು ಪಾಲಿನವರೆಗೂ ಉಬ್ಬಬಹುದು. ಸಾವಿರ ಚದರಡಿಯ, ಐದು ಇಂಚು ದಪ್ಪದ ಸ್ಲ್ಯಾಬಿಗೆ ಸುಮಾರು 12 ಘನ ಮೀಟರ್ ಕಾಂಕ್ರೀಟು, ಅದಕ್ಕೆ 95 ಚೀಲದಷ್ಟು ಸಿಮೆಂಟು ಬೇಕು. ಇಷ್ಟೆಲ್ಲ ಚೀಲ ಹಾಕಿದರೂ ಗಟ್ಟಿಯಾದ ಕಾಂಕ್ರೀಟಿನ ಗಾತ್ರದಲ್ಲಿ ಸಿಮೆಂಟಿನ ಪಾಲು ಹೆಚ್ಚುಕಡಿಮೆ ಎಂಟರಲ್ಲೊಂದು. ಜಾಗದ ಬಹುಪಾಲು ಖಡಿ, ಉಸುಕಿನದು. ಕಟ್ಟುವವನು ಕಡಿಮೆ, ಕಟ್ಟಿಸಿಕೊಂಡವರು ಹೆಚ್ಚು.

ಸಿಮೆಂಟು ಜಾಸ್ತಿ ಹಾಕಿದರೆ ಗಟ್ಟಿ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಬರೀ ಸಿಮೆಂಟಿನ ಗಂಜಿ ಆರುತ್ತ ಕುಗ್ಗುತ್ತದೆ, ಕುಗ್ಗುತ್ತ ಬಿರಿಯುತ್ತದೆ. ಆ ಕುಗ್ಗನ್ನು ತಡೆದು ಹಿಡಿಯುವುದು ಖಡಿ. ಗೋಡೆಯ ಗಿಲಾವಿಗೆ ಸಿಮೆಂಟು ಹೆಚ್ಚಾದರೆ ಬಲೆಯಂತೆ ಸೀಳು ಏಳುವುದನ್ನು ಎಲ್ಲರೂ ಕಂಡಿದ್ದಾರೆ. ಆರು ಪಾಲು ಉಸುಕಿಗೆ ಒಂದು ಪಾಲು ಸಿಮೆಂಟು ಒಳಗೋಡೆಗೆ ಸಾಕಾಗುತ್ತದೆ.

ಖಡಿಯ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿಯಿದೆ. ಎಲ್ಲ ಕಲ್ಲೂ ಒಂದೇ ಅಳತೆಯವಾದರೆ ಅವುಗಳ ನಡುವೆ ನೂರಕ್ಕೆ 40ರಷ್ಟು ಜಾಗ ಖಾಲಿ ಉಳಿಯುತ್ತದೆ. 20 ಮಿಲಿಮೀಟರಿನ ದೊಡ್ಡ ಖಡಿಯ ಜೊತೆ 10 ಮಿಲಿಮೀಟರಿನ ಸಣ್ಣ ಖಡಿ ಬೆರೆಸಿದರೆ ಸಣ್ಣದು ದೊಡ್ಡದರ ಸಂದಿಗೆ ಹೋಗಿ ಕೂರುತ್ತದೆ. ಅದರ ಸಂದಿಗೆ ದಪ್ಪ ಉಸುಕು, ಅದರ ಸಂದಿಗೆ ಸಣ್ಣ ಉಸುಕು, ಕೊನೆಗೆ ಉಳಿದ ಕೂದಲೆಳೆಯ ಸಂದಿಗೆ ಸಿಮೆಂಟು. ಗಾತ್ರಗಳು ಬೇರೆಬೇರೆ ಇದ್ದಷ್ಟೂ ಬಿಗಿ ಹೆಚ್ಚು, ಸಿಮೆಂಟಿನ ಖರ್ಚು ಕಡಿಮೆ. ಒಂದೇ ಗಾತ್ರದ ಖಡಿ ತಂದು ಹಾಕುವವನು ಖಾಲಿ ಜಾಗವನ್ನು ದುಬಾರಿ ಸಿಮೆಂಟಿನಿಂದ ತುಂಬಬೇಕು; ಅಷ್ಟಾದರೂ ಕಾಂಕ್ರೀಟು ಅಷ್ಟೇನೂ ಬಿಗಿಯಾಗುವುದಿಲ್ಲ. ಶಿರೋಳ ತಾಲ್ಲೂಕಿನ ಈ ಊರುಗಳಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಸದಿಯಲ್ಲಿ ಪ್ರಾಕೃತದ ಮಂತ್ರ, ಸಂತೆಯಲ್ಲಿ ಕನ್ನಡ ಮರಾಠಿ ಕಲೆಸಿದ ಮಾತು. ಎಲ್ಲರೂ ಒಂದೇ ಅಳತೆಗೆ ಬರಲಿ ಎಂದು ಕೂಗುವವರಿಗೆ ಖಡಿ ಮಶೀನಿನ ಎದುರಿನ ಎರಡು ಗುಡ್ಡೆಗಳನ್ನು ತೋರಿಸಬೇಕೆನಿಸುತ್ತದೆ.

ಸಳಿಯದು ಇನ್ನೊಂದು ನಂಟು. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಸುಮಾರು ಅದರ ಹತ್ತರಲ್ಲೊಂದು ಪಾಲಷ್ಟೇ ತಾಳುತ್ತದೆ. ಎಳೆತವನ್ನು ಹೊರುವುದು ಉಕ್ಕು. ಬಿಸಿಲಿಗೆ ಹಿಗ್ಗುವಾಗ, ಚಳಿಗೆ ಕುಗ್ಗುವಾಗ ಇವೆರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಇಲ್ಲವಾದರೆ ಒಂದೆರಡು ಬೇಸಿಗೆಯಲ್ಲೇ ಒಂದನ್ನೊಂದು ಬಿಟ್ಟುಕೊಡುತ್ತಿದ್ದವು. ಸಿಮೆಂಟು ನೀರು ಕುಡಿದಾಗ ಹುಟ್ಟುವ ಸುಣ್ಣದ ಅಂಶ ಸಳಿಯ ಮೈಗೆ ತುಕ್ಕು ಹತ್ತದಂತೆ ಕಾಯುತ್ತದೆ. ಅದಕ್ಕೆ ಸಳಿಯ ಸುತ್ತ ಸಾಕಷ್ಟು ಕಾಂಕ್ರೀಟು ಇರಬೇಕು: ಸ್ಲ್ಯಾಬಿಗೆ 20, ಬೀಮಿಗೆ 25, ಕಾಲಮ್ಮಿಗೆ 40, ಪಾಯದ ಫೂಟಿಂಗಿಗೆ 50 ಮಿಲಿಮೀಟರ್. ಸಳಿಯ ಕೆಳಗೆ ಕಲ್ಲಿನ ಚೂರು ಇಡುವ ಬದಲು ಹಿಂದಿನ ವಾರವೇ ಸಿಮೆಂಟಿನ ಸಣ್ಣ ಬಿಲ್ಲೆಗಳನ್ನು ಮಾಡಿ ನೀರಿನಲ್ಲಿ ನೆನೆಹಾಕಿಟ್ಟುಕೊಳ್ಳಿ.

ಈ ಸೀಮೆಗೆ ಇನ್ನೊಂದು ಕಷ್ಟವಿದೆ. ವರ್ಷಗಟ್ಟಲೆ ಕಬ್ಬಿಗೆ ಹದ ಮೀರಿ ನೀರು ಹಾಯಿಸಿ ಶಿರೋಳ ತಾಲ್ಲೂಕಿನ ಎಷ್ಟೋ ಹೊಲಗಳು ಸವಳು ಬಿದ್ದಿವೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಹೊಟ್ಟು ಎದ್ದು ಕಾಣುತ್ತದೆ. ಆ ಉಪ್ಪು ಬಾವಿಯ ನೀರಿಗೂ ಇಳಿದಿರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡು ಸಳಿಯನ್ನು ತಿನ್ನುತ್ತದೆ, ಸಲ್ಫೇಟು ಕಾಂಕ್ರೀಟಿನೊಳಗೆ ಉಬ್ಬುವ ಹರಳು ಬೆಳೆಸಿ ಪಾಯವನ್ನು ಒಡೆಯುತ್ತದೆ. ಸಳಿ ಹಾಕಿದ ಕಾಂಕ್ರೀಟಿನ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಮೀರಿ ಕ್ಲೋರೈಡ್ ಇರಬಾರದು, ಸಲ್ಫೇಟ್ 400 ಮೀರಬಾರದು. ಅನುಮಾನವಿದ್ದರೆ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಒಯ್ದು ತೋರಿಸಿ. ಸವಳು ನೆಲದ ಪಾಯಕ್ಕೆ ಸ್ಲ್ಯಾಗ್ ಬೆರೆಸಿದ ಸಿಮೆಂಟು ಒಳ್ಳೆಯದು. ಕಬ್ಬಿಣದ ಅದಿರನ್ನು ಕರಗಿಸುವಾಗ ಉಳಿಯುವ ಕಿಟ್ಟವನ್ನು ಅರೆದು ಬೆರೆಸಿ ಮಾಡುವ ಸಿಮೆಂಟು ಇದು. ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ ಇದನ್ನು ತಯಾರಿಸುತ್ತಾರೆ. ಹಾರುಬೂದಿ ಬೆರೆಸಿದ ಪಿಪಿಸಿ ಕೂಡ ಮನೆ ಕೆಲಸಕ್ಕೆ ಒಪ್ಪುತ್ತದೆ. ಬಲ ಬರುವುದು ತುಸು ನಿಧಾನ, ಆದರೆ ಬಂದ ಮೇಲೆ ಬಿಗಿ ಚೆನ್ನಾಗಿರುತ್ತದೆ. ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ 7-8ರಷ್ಟು ಸಿಮೆಂಟಿನದೇ. ಕ್ಲಿಂಕರಿನ ಪಾಲು ಕಡಿಮೆಯಿರುವ ಇಂಥ ಚೀಲ ಆರಿಸುವುದು ಮುಂದಿನ ಪೀಳಿಗೆಗೂ ಒಳ್ಳೆಯದು.

ಹೊಳೆಯದು ಮರೆಯುವ ಮಾತಲ್ಲ. 2005, 2019, 2021ರ ಮಹಾಪೂರಗಳಲ್ಲಿ ಕೃಷ್ಣಾ, ಪಂಚಗಂಗಾ, ದೂಧಗಂಗಾ ಕೂಡಿ ಈ ಬಯಲನ್ನು ಮುಳುಗಿಸಿದವು. ನೀರು ಇಳಿದ ಮೇಲೆ ಮಣ್ಣಿನ ಗೋಡೆಗಳು ಕರಗಿ ಕುಸಿದವು. ಸಿಮೆಂಟಿನವು ಬಹುತೇಕ ನಿಂತವು. ಅದಾದ ಮೇಲೆ ಸಿಮೆಂಟಿನ ಮನೆಯೆಂದರೆ ಜನರಿಗೆ ಒಂದು ಧೈರ್ಯ. ಆದರೆ ಪೂರದಲ್ಲಿ ನೆನೆದ ಚೀಲದ ಮೇಲೆ ಆ ಧೈರ್ಯ ಬೇಡ. ಒಳಗೆ ಗಂಟು ಕಟ್ಟಿದ ಸಿಮೆಂಟನ್ನು ಒಡೆದು ಜಾಲಿಸಿ ಸ್ಲ್ಯಾಬಿಗೆ ಬಳಸಬೇಡಿ. ಅದು ತನ್ನ ನೀರನ್ನು ಆಗಲೇ ಕುಡಿದು ಮುಗಿಸಿದೆ. ಒಣ ಚೀಲವಾದರೂ ಮೂರು ತಿಂಗಳು ಇಟ್ಟರೆ ಐದರಲ್ಲೊಂದು ಪಾಲು ಬಲ ಹೋಗಿರುತ್ತದೆ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ; ಓದಿಯೇ ತಗೊಳ್ಳಿ. ಒಣ ಕೈ ಒಳಗೆ ತೂರಿಸಿದರೆ ತಣ್ಣಗೆನಿಸಬೇಕು, ಬೆರಳಲ್ಲಿ ಉಜ್ಜಿದರೆ ನುಣ್ಣಗಿರಬೇಕು. ನೋಡಿದ ಕೂಡಲೇ ಕೈ ತೊಳೆದುಕೊಳ್ಳಿ. ಪೂರದ ನಂತರ ಹೊಳೆಯಿಂದ ತಂದ ಉಸುಕಿನಲ್ಲಿ ರೇವೆ ಹೆಚ್ಚಿರುತ್ತದೆ. ಗಾಜಿನ ಬಾಟಲಿಯಲ್ಲಿ ಅರ್ಧ ಉಸುಕು, ಉಳಿದರ್ಧ ನೀರು ಹಾಕಿ ಕುಲುಕಿ ಇಡಿ. ಕೆಲ ತಾಸಿನ ಮೇಲೆ ಉಸುಕಿನ ಮೇಲೆ ಮಣ್ಣಿನ ಪದರ ಹನ್ನೆರಡರಲ್ಲೊಂದು ಪಾಲಿಗಿಂತ ದಪ್ಪ ಕೂತರೆ ಉಸುಕನ್ನು ತೊಳೆಯದೆ ಹಾಕಬೇಡಿ.

ಮತ್ತೆ ಮಡಿಗೆ ಬರೋಣ. ಮಾಲು ಬಿಗಿದ ಮೇಲೆ ಹರಳುಗಳು ಒಂದರೊಳಗೊಂದು ಬೆರಳು ಹೆಣೆದಂತೆ ಬೆಳೆಯುತ್ತವೆ. ಮೊದಲ ಏಳು ದಿನದಲ್ಲಿ ಮೂರರಲ್ಲಿ ಎರಡು ಪಾಲು ಬಲ ಬಂದುಬಿಡುತ್ತದೆ, 28 ದಿನಕ್ಕೆ ಹೆಚ್ಚುಕಡಿಮೆ ಪೂರ್ತಿ. ಈ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಮಡಿ ಬತ್ತಿದರೂ ಮೇಲ್ಪದರದ ಬೆಳವಣಿಗೆ ನಿಂತು, ಸಣ್ಣ ಬಿರುಕು ಬಿಡುತ್ತದೆ. ಆಮೇಲೆ ಎಷ್ಟು ನೀರು ಸುರಿದರೂ ಹೋದದ್ದು ಪೂರ್ತಿ ಬರುವುದಿಲ್ಲ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಇಲ್ಲವೆ ಸ್ಲ್ಯಾಗಿನ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಇರಲೇಬೇಕು. ನಮ್ಮ ಬಿಸಿಲಿಗೆ ಯಾವ ಸಿಮೆಂಟಾದರೂ 14 ದಿನ ಇಟ್ಟರೆ ಒಳ್ಳೆಯದು. ಕಾಲಮ್ಮಿಗೆ ನೀರು ನಿಲ್ಲುವುದಿಲ್ಲ. ಗೋಣಿ ಸುತ್ತಿ, ಸುತ್ತಿದ್ದು ಸದಾ ಹಸಿಯಿರುವಂತೆ ನೋಡಬೇಕು. ಬೆಳಿಗ್ಗೆ ಸಂಜೆ ಎರಡು ಸಲ ಪೈಪಿನಿಂದ ನೀರು ಹೊಡೆದು ಬಂದರೆ ಮುಗಿಯುವುದಿಲ್ಲ, ನಡುಮಧ್ಯಾಹ್ನದ ಬಿಸಿಲಲ್ಲಿ ಅದು ಒಣಗಿರುತ್ತದೆ. ಸೆಂಟ್ರಿಂಗಿನ ಆಸರೆಗಳನ್ನು ಹದಿನೈದಡಿಯೊಳಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದದ್ದಕ್ಕೆ 14 ದಿನ ಬಿಡಿಸಬಾರದು. ಬಾಡಿಗೆ ಏರುತ್ತದೆಂದು ಅವಸರ ಮಾಡುವ ಕಾಂಟ್ರ್ಯಾಕ್ಟರಿಗೆ ಯಜಮಾನನೇ ಬೇಡ ಎನ್ನಬೇಕು.

ಸ್ಲ್ಯಾಬ್ ಹಾಕಿದ ದಿನಾಂಕವನ್ನು ಇದ್ದಿಲಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಅದರ ಕೆಳಗೆ ದಿನಕ್ಕೊಂದರಂತೆ 14 ಗೆರೆ ಎಳೆಯುವ ಕೆಲಸವನ್ನು ಮನೆಯ ಮಗುವಿಗೆ ಒಪ್ಪಿಸಿ. ಮೇಲೆ ಹೋಗಿ ಮಡಿಯಲ್ಲಿ ನೀರಿದೆಯೇ ನೋಡಿ ಬಂದ ಮೇಲೇ ಗೆರೆ ಎಳೆಯಬೇಕು ಎಂದು ಹೇಳಿ. ಹದಿನಾಲ್ಕನೇ ಗೆರೆ ಬೀಳುವವರೆಗೆ ಮನೆಯಲ್ಲಿ ಯಾವ ಮದುವೆ, ಯಾವ ಜಾತ್ರೆ ಬಂದರೂ ಮಡಿ ಬತ್ತಲು ಬಿಡಬೇಡಿ.